ಒಲೆ, ಮಾಳಿಗೆ, ಮೋಟರು: ಡಾಬಕಾದ ಒಂದು ಮನೆಯ ಶಕ್ತಿಲೆಕ್ಕ

ಮನೆಯಲ್ಲಿ ಶಕ್ತಿ ಉಳಿಸುವ ಮಾತು ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ದೀಪದ ಸ್ವಿಚ್ಚಿನ ಕಡೆಗೆ. ‘ಲೈಟ್ ಬಂದ್ ಮಾಡ್ರೋ’ ಎಂದು ಮಕ್ಕಳನ್ನು ಗದರುವ ಹಿರಿಯರು ಔರಾದಿನಲ್ಲೂ ಇದ್ದಾರೆ, ಭಾಲ್ಕಿಯಲ್ಲೂ ಇದ್ದಾರೆ, ಬೀದರಿನ ಹೊಸ ಬಡಾವಣೆಗಳಲ್ಲೂ ಇದ್ದಾರೆ. ಗದರುವುದು ತಪ್ಪಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ದೀಪದ ಪಾಲು ತೀರಾ ಚಿಕ್ಕದು. ಅದೇ ಹಿರಿಯರು ಚಳಿಗಾಲದ ಬೆಳಗ್ಗೆ ಸ್ನಾನದ ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್, ಮನೆಯ ಅಷ್ಟೂ ದೀಪಗಳ ಒಂದು ತಿಂಗಳ ಖರ್ಚನ್ನು ಮೂರೇ ದಿನದಲ್ಲಿ ಮುಗಿಸಿಬಿಡುತ್ತದೆ. ಉಳಿತಾಯದ ಬಗ್ಗೆ ನಮಗಿರುವ ತಿಳಿವಳಿಕೆಯೆಲ್ಲ ಕಣ್ಣಿಗೆ ಕಾಣುವ ಬೆಳಕಿನ ಸುತ್ತಲೇ ಇದೆ. ಕಾಣದೆ ಖರ್ಚಾಗುವ ಶಾಖದ ಕಡೆಗೆ, ಆಳದಿಂದ ಎತ್ತುವ ನೀರಿನ ಕಡೆಗೆ ನಾವು ನೋಡುವುದು ಕಡಿಮೆ. ಈ ಅಧ್ಯಾಯದ ಕೆಲಸ ಅವೆರಡನ್ನೂ ಲೆಕ್ಕಕ್ಕೆ ತರುವುದು.

ಲೆಕ್ಕಕ್ಕೆ ಒಂದು ಮನೆ ಬೇಕು. ಔರಾದ ಸೀಮೆಯ ಡಾಬಕಾದಲ್ಲಿ ಐದು ಜನರ ಒಂದು ಸಾಧಾರಣ ರೈತ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಕಪ್ಪು ನೆಲ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೇಳಿಸುವ ಸೀಮೆ. ತೊಗರಿ, ಸೋಯಾ, ಹೆಸರು, ಉದ್ದು, ಜೋಳ ಇಲ್ಲಿನ ಬೆಳೆಗಳು. ಮನೆಯಲ್ಲಿ ನಾಲ್ಕು ಎಲ್‌ಇಡಿ ಬಲ್ಬು, ಎರಡು ಫ್ಯಾನು, ಒಂದು ಟಿವಿ, ಒಂದು ಗ್ಯಾಸ್ ಒಲೆ, ಹಿತ್ತಲಲ್ಲಿ ಒಂದು ಕಟ್ಟಿಗೆ ಒಲೆ ಇವೆ. ತಿಂಗಳಿಗೆ ಸುಮಾರು 50 ಯೂನಿಟ್ ಬಳಕೆ ಎಂದಿಟ್ಟುಕೊಳ್ಳಿ.

ಯೂನಿಟ್ ಅಂದರೆ ಎಷ್ಟು? ಪುಸ್ತಕದ ಪ್ರಕಾರ 36 ಲಕ್ಷ ಜೂಲ್. ಈ ಸಂಖ್ಯೆ ಯಾರ ತಲೆಗೂ ಹತ್ತುವುದಿಲ್ಲ. ರಾಶಿ ಮುಗಿದ ಮೇಲೆ 50 ಕಿಲೋದ ತೊಗರಿ ಚೀಲವನ್ನು ಒಂದೂವರೆ ಮೀಟರ್ ಎತ್ತರದ ಟ್ರಾಲಿಗೆ ಏರಿಸುವ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಚೀಲಕ್ಕೆ ತಗಲುವುದು ಸುಮಾರು 735 ಜೂಲ್. ಒಂದು ಯೂನಿಟ್ ಶಕ್ತಿಯಿಂದ ಅಂಥ 4,900 ಚೀಲಗಳನ್ನು ಏರಿಸಬಹುದು. ಅಷ್ಟು ಚೀಲ ಹೊರುವ ಹಮಾಲರಿಗೆ ಎಷ್ಟು ಕೂಲಿ ಕೊಡಬೇಕಾದೀತು ಎಂದು ಯೋಚಿಸಿದರೆ, ಐದಾರು ರೂಪಾಯಿಗೆ ಸಿಗುವ ವಿದ್ಯುತ್ತಿಗಿಂತ ಅಗ್ಗದ ಆಳು ಲೋಕದಲ್ಲಿಲ್ಲ ಎಂದು ಗೊತ್ತಾಗುತ್ತದೆ. ಅಗ್ಗವಾದದ್ದನ್ನು ಎಣಿಸುವ ಅಭ್ಯಾಸ ನಮಗಿಲ್ಲ. 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲಿ ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿತು. ಬಿಲ್ಲು ಸೊನ್ನೆಯಾದ ಮೇಲೆ ಇದ್ದ ಅಷ್ಟಿಷ್ಟು ಎಣಿಕೆಯೂ ನಿಂತಿತು. ಬಿಲ್ಲಿನ ಕೊನೆಯ ಸಾಲನ್ನು ಓದಿ ಮಡಚಿಡುವವರೇ ಹೆಚ್ಚು. ಯೂನಿಟ್ ಎಷ್ಟು ಎಂಬ ಸಾಲು ಮಾತ್ರ ಸೊನ್ನೆಯಾಗಿಲ್ಲ. ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಯೂನಿಟ್‌ಗೆ ಮುಕ್ಕಾಲು ಕಿಲೋದ ಆಸುಪಾಸು ಕಲ್ಲಿದ್ದಲು ಈಗಲೂ ಉರಿಯುತ್ತದೆ.

ಈಗ ದೀಪ. 9 ವ್ಯಾಟಿನ ನಾಲ್ಕು ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಐದೂವರೆ ಯೂನಿಟ್. 60 ವ್ಯಾಟಿನ ಹಳೆಯ ಬುರುಡೆ ಬಲ್ಬಿನ ಕಾಲದಲ್ಲಿ ಇದು 36 ಯೂನಿಟ್ ಆಗಿರುತ್ತಿತ್ತು. 2015ರಲ್ಲಿ ಶುರುವಾದ ಉಜಾಲಾ ಯೋಜನೆ ದೇಶದ ತುಂಬ ಎಲ್‌ಇಡಿ ಹಂಚಿ ಈ ಕೆಲಸವನ್ನು ಹೆಚ್ಚೂಕಡಿಮೆ ಮುಗಿಸಿದೆ. ದೀಪದಲ್ಲಿ ಉಳಿಸಬೇಕಾದದ್ದನ್ನು ಉಳಿಸಿ ಆಗಿದೆ. ಈಗ ಟಿವಿ ಬಂದ್ ಮಾಡಿದ ಮೇಲೂ ಹಗಲುರಾತ್ರಿ ಬೆಚ್ಚಗಿರುವ ಸೆಟ್‌ಟಾಪ್ ಬಾಕ್ಸನ್ನು ಮುಟ್ಟಿ ನೋಡಿ. ಎಂಟು-ಹತ್ತು ವ್ಯಾಟ್ ಎಳೆಯುವ ಅದು ತಿಂಗಳಿಗೆ ಆರು ಯೂನಿಟ್ ದಾಟುತ್ತದೆ, ಅಂದರೆ ನಾಲ್ಕೂ ಬಲ್ಬುಗಳಿಗಿಂತ ಹೆಚ್ಚು.

ಕಾಯಿಲ್ಲಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಬೀದರ ಜಿಲ್ಲೆಯ ಚಳಿ ರಾಜ್ಯಕ್ಕೇ ಗೊತ್ತು. ಡಿಸೆಂಬರ್‌ನಲ್ಲಿ ಹವಾಮಾನ ವರದಿ ಓದುವವರು ಕನಿಷ್ಠ ತಾಪಮಾನದ ಪಟ್ಟಿಯಲ್ಲಿ ಮೊದಲು ಹುಡುಕುವುದೇ ಬೀದರದ ಹೆಸರನ್ನು. 18 ಡಿಗ್ರಿಯ 15 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು ಬೇಕಾಗುವುದು 0.38 ಯೂನಿಟ್. ಐದು ಜನ, ಐದು ಬಕೆಟ್, 30 ದಿನ: 57 ಯೂನಿಟ್. ಮನೆಯ ಉಳಿದೆಲ್ಲ ಬಳಕೆಗಿಂತ ಹೆಚ್ಚು! ಗೃಹಜ್ಯೋತಿಯಲ್ಲಿ ಮನೆಮನೆಯ ಉಚಿತ ಮಿತಿ ಗೊತ್ತಾಗುವುದು 2022-23ರ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಸ್ವಲ್ಪ ಸೇರಿಸಿ. ಗರಿಷ್ಠ 200 ಯೂನಿಟ್. ಹೀಗಾಗಿ ಕಡಿಮೆ ಬಳಸುತ್ತಿದ್ದ ಮನೆಗೆ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಬಿಲ್ಲು ಬಂದರೆ ಮೀಟರನ್ನು ದೂರುವ ಮೊದಲು ಬಚ್ಚಲನ್ನು ನೋಡಬೇಕು. ಇಲ್ಲಿನ ಚಳಿ ಒಣ ಚಳಿ, ಹಗಲಲ್ಲಿ ಆಕಾಶ ಶುಭ್ರ. ಒಂದು ಚದರ ಮೀಟರ್ ಅಗಲದ, ಕಪ್ಪು ಬಳಿದ, ಮೇಲೆ ಗಾಜು ಮುಚ್ಚಿದ ತಟ್ಟೆಯಲ್ಲಿ 50 ಲೀಟರ್ ನೀರು ಮೂರ್ನಾಲ್ಕು ತಾಸಿನ ಬಿಸಿಲಿಗೆ ಸ್ನಾನಕ್ಕೆ ತಕ್ಕಷ್ಟು ಬಿಸಿಯಾಗುತ್ತದೆ. ಸೋಲಾರ್ ಹೀಟರ್ ಮಾಡುವುದೂ ಇದನ್ನೇ. ಜೊತೆಗೆ ಆ ಬಿಸಿಯನ್ನು ಬೆಳಗಿನವರೆಗೆ ಹಿಡಿದಿಡುವ ದಪ್ಪ ಹೊದಿಕೆ ಅದಕ್ಕಿರುತ್ತದೆ. ಹೀಟರಿಗೆ ದುಡ್ಡಿಲ್ಲದವರು ಹೊತ್ತು ಬದಲಿಸಬಹುದು. ಸಂಜೆ ಸ್ನಾನ ಮಾಡುವುದರಿಂದ ಯಾವ ಶಾಸ್ತ್ರವೂ ಮುರಿಯುವುದಿಲ್ಲ.

ಇಷ್ಟೆಲ್ಲ ಆದರೂ ಮನೆಯೊಳಗಿನ ದೊಡ್ಡ ಖರ್ಚು ವಿದ್ಯುತ್ತಿನದಲ್ಲ, ಅಡುಗೆಯದು. 14.2 ಕಿಲೋದ ಒಂದು ಸಿಲಿಂಡರಿನಲ್ಲಿರುವ ಶಾಖ ಯೂನಿಟ್ಟಿನ ಲೆಕ್ಕಕ್ಕೆ ತಂದರೆ ಸುಮಾರು 180. ಸಿಲಿಂಡರ್ ಎರಡು ತಿಂಗಳು ಬಂದರೂ ತಿಂಗಳಿಗೆ 90 ಯೂನಿಟ್‌ನಷ್ಟು ಶಾಖ ಒಲೆಗೆ ಹೋಯಿತು. ಕಟ್ಟಿಗೆ ಒಲೆಯಾದರೆ ಇನ್ನೂ ಹಲವು ಪಟ್ಟು, ಏಕೆಂದರೆ ಮೂರು ಕಲ್ಲಿನ ಒಲೆಯಲ್ಲಿ ಉರಿದದ್ದರಲ್ಲಿ ಪಾತ್ರೆಗೆ ಮುಟ್ಟುವುದು ಶೇಕಡಾ ಹತ್ತು-ಹದಿನೈದು ಮಾತ್ರ. ಉಳಿದದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವಳ ಮುಖಕ್ಕೆ.

ಕರ್ನಾಟಕದಲ್ಲಿ ಈ ಲೆಕ್ಕವನ್ನು ಮೊದಲು ಊರೊಳಗೆ ಕೂತು ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ರೆಡ್ಡಿ ವಿದ್ಯುತ್‌ರಸಾಯನ ವಿಜ್ಞಾನಿ. ಪ್ರಯೋಗಾಲಯ ಬಿಟ್ಟು ಹಳ್ಳಿಯ ಒಲೆಯ ಮುಂದೆ ಕೂತದ್ದಕ್ಕೆ ಸಹೋದ್ಯೋಗಿಗಳು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಅವರ ತಂಡ ಪ್ರತಿ ಮನೆಯ ಸೌದೆ, ಸಗಣಿ, ಎತ್ತಿನ ದುಡಿಮೆ, ಹೆಂಗಸರ ನಡಿಗೆ ಎಲ್ಲವನ್ನೂ ಅಳೆಯಿತು. ಊರು ಬಳಸುವ ಇಂಧನದಲ್ಲಿ ಬಹುಪಾಲು ಸೌದೆ, ಸೌದೆಯಲ್ಲಿ ಬಹುಪಾಲು ಅಡುಗೆಗೆ. ವಿದ್ಯುತ್ತಿನ ಪಾಲು ನಗಣ್ಯ. ಸರಕಾರಗಳು ಶಕ್ತಿಯೆಂದರೆ ವಿದ್ಯುತ್ತು ಎಂದುಕೊಂಡಿದ್ದ ದಿನಗಳಲ್ಲಿ ಬಂದ ಉತ್ತರ ಇದು. ಜನಕ್ಕೆ ಬೇಕಿರುವುದು ಕಿಲೋವ್ಯಾಟ್ ಅಲ್ಲ. ಬೆಂದ ಅನ್ನ, ಬೆಳಕು, ಮನೆಬಾಗಿಲಿಗೆ ನೀರು. ಅವನ್ನು ಕಡಿಮೆ ಶಕ್ತಿಯಲ್ಲಿ ಕೊಡುವುದು ಹೇಗೆಂದು ಕೇಳಿ ಎಂಬುದು ರೆಡ್ಡಿಯವರ ಜೀವನದುದ್ದದ ವಾದ. ಅಸ್ತ್ರ ಒಲೆ ಹುಟ್ಟಿದ್ದು ಅಲ್ಲಿಂದಲೇ. ಬೆಂಕಿಯ ಬಾಯಿ ಕಿರಿದು ಮಾಡಿ, ಬಿಸಿಗಾಳಿಯನ್ನು ಒಂದರ ಹಿಂದೆ ಒಂದರಂತೆ ಪಾತ್ರೆಗಳ ತಳಕ್ಕೆ ತಾಗಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿದರೆ ಮೂರು ಕಲ್ಲಿನ ಒಲೆಯ ಎರಡು-ಮೂರು ಪಟ್ಟು ಶಾಖ ಪಾತ್ರೆಗೆ ಸಿಕ್ಕಿತು.

ಗ್ಯಾಸ್ ಬಂದ ಮೇಲೂ ಒಲೆಯ ವಿಜ್ಞಾನ ಬದಲಾಗಿಲ್ಲ. ಒಂದು ಲೀಟರ್ ನೀರನ್ನು ಕುದಿಯುವವರೆಗೆ ತರಲು ಸುಮಾರು 290 ಕಿಲೋಜೂಲ್ ಸಾಕು. ಕುದಿಯುವ ಅದೇ ನೀರನ್ನು ಆವಿಯಾಗಿಸಲು 2,257 ಕಿಲೋಜೂಲ್, ಅಂದರೆ ಎಂಟು ಪಟ್ಟಿನ ಹತ್ತಿರ. ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ನೀರಿನ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ; ಹೆಚ್ಚುವರಿ ಗ್ಯಾಸೆಲ್ಲ ಆವಿ ಮಾಡುವುದಕ್ಕೆ ಹೋಗುತ್ತದೆ. ಬೇಳೆ ಬೇಯುವುದು ಬಿಸಿಯಿಂದಲೇ ಹೊರತು ಕೊತಕೊತ ಸದ್ದಿನಿಂದಲ್ಲ. ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ.

ಬೀದರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಬೇಳೆ ಮಂಗಳೂರಿಗಿಂತ ತುಸು ನಿಧಾನ ಬೇಯುತ್ತದೆ. ಕುಕ್ಕರ್ ಮಾಡುವುದು ಇದರ ತಿರುಗುಮುರುಗು: ಒಳಗೆ ಒತ್ತಡ ಏರಿಸಿ ಕುದಿಯುವ ಬಿಂದುವನ್ನು 120 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತದೆ. ಪ್ರತಿ ಹತ್ತು ಡಿಗ್ರಿಗೆ ಬೇಯುವ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂದಿಟ್ಟುಕೊಂಡರೆ ಹೊತ್ತು ಕಾಲುಭಾಗಕ್ಕಿಳಿಯಿತು. ತೊಗರಿಬೇಳೆಯನ್ನು ಮೊದಲೇ ಅರ್ಧ ತಾಸು ನೆನೆ ಹಾಕಿದರೆ ಇನ್ನೊಂದಿಷ್ಟು ಉಳಿಯುತ್ತದೆ. ನೆನೆಯದ ಬೇಳೆಯಲ್ಲಿ ನೀರು ಒಳಗಿಳಿಯುವವರೆಗೂ ಒಲೆ ಸುಮ್ಮನೆ ಉರಿಯುತ್ತಿರಬೇಕು. ಆ ಕಾಯುವ ಕೆಲಸವನ್ನು ತಣ್ಣೀರು ಪುಕ್ಕಟೆ ಮಾಡುತ್ತದೆ. ಕುಕ್ಕರಿನ ಸೀಟಿಯ ಬಗ್ಗೆಯೂ ಒಂದು ಮಾತು. ಸೀಟಿಯೆಂದರೆ ಗ್ಯಾಸ್ ಕೊಟ್ಟು ಮಾಡಿದ ಆವಿ ಹೊರಗೆ ಹೋಗುವ ಸದ್ದು. ಮೊದಲ ಸೀಟಿಯ ನಂತರ ಉರಿ ಸಣ್ಣದು ಮಾಡಿ ಗಡಿಯಾರ ನೋಡುವುದು ಸರಿ. ಸೀಟಿ ಎಣಿಸುವ ಪದ್ಧತಿ ಯಾರು ಶುರು ಮಾಡಿದರೋ!

ಈ ಸೀಮೆಯ ಖಡಕ್ ರೊಟ್ಟಿಯನ್ನು ಶಕ್ತಿಯ ಕಣ್ಣಿನಿಂದ ನೋಡಿದವರು ಕಡಿಮೆ. ತೆಳ್ಳಗೆ ತಟ್ಟಿ, ನೀರಿನಂಶ ಪೂರ್ತಿ ಹೋಗುವಂತೆ ಸುಟ್ಟ ಜೋಳದ ಅಥವಾ ಸಜ್ಜೆಯ ರೊಟ್ಟಿಯಲ್ಲಿ ಬೂಷ್ಟು ಬೆಳೆಯಲು ಬೇಕಾದ ತೇವವೇ ಇರುವುದಿಲ್ಲ. ಒಂದು ದಿನ ಒಲೆ ಹೊತ್ತಿಸಿದರೆ ಹದಿನೈದು ದಿನದ ಊಟ. ಫ್ರಿಜ್ ಬೇಡ, ಮತ್ತೆ ಬಿಸಿ ಮಾಡುವುದು ಬೇಡ. ಒಲೆ ಮತ್ತು ಹಂಚು ಒಮ್ಮೆ ಕಾದ ಮೇಲೆ ನೂರು ರೊಟ್ಟಿ ಸುಡುವುದಕ್ಕೂ, ದಿನಾ ಹತ್ತು ರೊಟ್ಟಿಗಾಗಿ ತಣ್ಣಗಾದ ಹಂಚನ್ನು ಕಾಯಿಸುವುದಕ್ಕೂ ಬಹಳ ಅಂತರವಿದೆ.

ಹಿತ್ತಲ ಒಲೆಗೆ ತೊಗರಿ ಕಟ್ಟಿಗೆ ಇಲ್ಲಿ ಧಾರಾಳ. ರಾಶಿಯ ನಂತರ ಉಳಿಯುವ ಈ ಕಟ್ಟಿಗೆ ಗಟ್ಟಿ, ಬೇಗ ಒಣಗುತ್ತದೆ. ಕಾಡು ಕಡಿಯದೆ ಸಿಗುವ ಇಂಧನ ಇದು. ಆದರೆ ಕುಳ್ಳಿನ ಬಗ್ಗೆ ನನಗೆ ತಕರಾರಿದೆ. ಸಗಣಿಯನ್ನು ಸುಟ್ಟರೆ ಅದರ ಸಾರಜನಕ ಹೊಗೆಯ ಜೊತೆ ಹೋಯಿತು. ಅದೇ ಸಗಣಿ ಗೋಬರ್ ಗ್ಯಾಸ್ ತೊಟ್ಟಿಗೆ ಬಿದ್ದರೆ ಇಂಗಾಲದ ಅಂಶ ಮೀಥೇನ್ ಆಗಿ ಒಲೆಗೆ ಬರುತ್ತದೆ, ಸಾರಜನಕ ಬಗ್ಗಡದಲ್ಲಿ ಉಳಿದು ಹೊಲಕ್ಕೆ ಹೋಗುತ್ತದೆ. ನಾಲ್ಕೈದು ದನಗಳ ಸುಮಾರು 50 ಕಿಲೋ ಸಗಣಿಯಿಂದ ದಿನಕ್ಕೆ ಎರಡು ಘನ ಮೀಟರ್ ಅನಿಲ, 0.86 ಕಿಲೋ ಎಲ್‌ಪಿಜಿಗೆ ಸಮ. ಗಡಿಯಾಚೆಯ ದೇವಣಿಯ ಹೆಸರು ಹೊತ್ತ ಕಪ್ಪುಬಿಳುಪು ದನದ ತಳಿ ಈ ನೆಲದ್ದೇ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಬೀದರಿನಲ್ಲೇ ಇದೆ. ಅಡ್ಡಿ ಎಂದರೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಹೋದವು. ಎರಡು ದನ ಇರುವ ಮನೆಯ ತೊಟ್ಟಿ ತುಂಬುವುದಿಲ್ಲ. ಚಳಿಗಾಲದಲ್ಲಿ ಸೂಕ್ಷ್ಮಜೀವಿಗಳೂ ಮಂದವಾಗಿ ಅನಿಲ ಇಳಿಯುತ್ತದೆ. ದನ ಇಲ್ಲದವರಿಗೆ ಗೋಬರ್ ಗ್ಯಾಸಿನ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ದಾಟುವ ಊರಿನಲ್ಲಿ ತಂಪು ಐಷಾರಾಮವಲ್ಲ. 75 ವ್ಯಾಟಿನ ಸಾಮಾನ್ಯ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ಬಿಎಲ್‌ಡಿಸಿ ಫ್ಯಾನು ಅದೇ ಗಾಳಿಯನ್ನು ಮೂವತ್ತು ವ್ಯಾಟಿನ ಆಸುಪಾಸಿನಲ್ಲಿ ಕೊಡುತ್ತದೆ, ತಿಂಗಳಿಗೆ 11 ಯೂನಿಟ್. ಒಂದು ಫ್ಯಾನು ಬದಲಿಸಿದರೆ ಉಳಿಯುವುದು ಮನೆಯ ಎಲ್ಲ ದೀಪಗಳನ್ನು ವರ್ಷಪೂರ್ತಿ ಆರಿಸಿಟ್ಟರೂ ಉಳಿಯದಷ್ಟು. ಆದರೆ ಫ್ಯಾನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ ಅಷ್ಟೇ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು ತನ್ನ ಮೋಟರಿನ ಬಿಸಿಯನ್ನು ಆ ಕೋಣೆಗೆ ಸೇರಿಸುತ್ತದೆ.

ಒಣ ಸೆಖೆಯ ನಾಡಿಗೆ ಕೂಲರ್ ಹೇಳಿ ಮಾಡಿಸಿದ್ದು. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ 0.67 ಯೂನಿಟ್‌ನಷ್ಟು ಶಾಖ ಹೀರಿಕೊಳ್ಳುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಾಗುವುದೂ ಇದರಿಂದಲೇ. ತಾಸಿಗೆ ಐದು ಲೀಟರ್ ಆವಿ ಮಾಡುವ ಕೂಲರ್ ಸುಮಾರು 3,400 ವ್ಯಾಟ್ ಶಾಖವನ್ನು ಹೀರುತ್ತದೆ. ಅದರ ಫ್ಯಾನು ಮತ್ತು ಪಂಪಿಗೆ ಹೋಗುವುದು 150-200 ವ್ಯಾಟ್. ಹೊರಗೆ 41 ಡಿಗ್ರಿ, ಗಾಳಿಯ ತೇವ ಶೇಕಡಾ 20 ಇದ್ದರೆ ಕೂಲರಿನಿಂದ ಬರುವ ಗಾಳಿ 28 ಡಿಗ್ರಿಯ ಹತ್ತಿರ. ಎರಡು ಕರಾರು: ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ತೇವ ಒಳಗೇ ತುಂಬಿ ಕೂಲರ್ ಬರೀ ಜಿಗುಟು ಗಾಳಿ ಬೀಸುತ್ತದೆ. ಮತ್ತೆ, ಹತ್ತು ತಾಸಿಗೆ 50 ಲೀಟರ್ ನೀರು ಬೇಕು. ಮೇ ತಿಂಗಳಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಅದು ಒಬ್ಬರ ದಿನದ ನೀರು.

ಹಾಗಾಗಿ ಬಿಸಿಲನ್ನು ಒಳಗೆ ಬಂದ ಮೇಲೆ ಅಟ್ಟುವುದಕ್ಕಿಂತ ಮೇಲೆಯೇ ತಡೆಯುವುದು ಲೇಸು. ನಡುಮಧ್ಯಾಹ್ನ ಹತ್ತಡಿ-ಹತ್ತಡಿ ಕೋಣೆಯ ಮಾಳಿಗೆಯ ಮೇಲೆ ಬೀಳುವ ಬಿಸಿಲು ಸುಮಾರು 9 ಕಿಲೋವ್ಯಾಟ್. ಹಳೆಯ ಮಾಳಗಿ ಮನೆಗಳು ಇದನ್ನು ಬಲ್ಲವು. ದಪ್ಪ ಕಲ್ಲುಗೋಡೆ, ತೊಲೆ-ಜಂತಿ, ಮೇಲೆ ಒಂದಡಿ ಮಣ್ಣು. ಶಾಖ ಮಣ್ಣಿನೊಳಗೆ ನಿಧಾನವಾಗಿ ಇಳಿಯುತ್ತದೆ. ಒಂದಡಿ ದಾಟಲು ಹತ್ತು ತಾಸಿನ ಆಸುಪಾಸು, ದಾಟುವಷ್ಟರಲ್ಲಿ ಅದರ ಏರಿಳಿತವೂ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ತಲುಪುವುದು ಜನ ಅಂಗಳದಲ್ಲಿ ಹೊರಸು ಹಾಕಿ ಮಲಗಿದ ಮೇಲೆ. ನಾಲ್ಕೈದು ಇಂಚಿನ ಆರ್‌ಸಿಸಿಗೆ ಮೂರು ತಾಸು ಸಾಕು. ಸಂಜೆ ಐದಕ್ಕೆ ಸ್ಲ್ಯಾಬಿನ ಕೆಳಗೆ ಕೈಯೆತ್ತಿದರೆ ಹಂಚಿನ ಝಳ. ಪತ್ರಾ ಹೊದಿಸಿದ ಮನೆಗೆ ತಾಸಿನ ಮಾತೇ ಇಲ್ಲ.

ಹಾಗಾದರೆ ಮಾಳಗಿಗೆ ಮರಳೋಣ ಎನ್ನುವ ಲೇಖನಗಳನ್ನು ನಗರದ ಪತ್ರಿಕೆಗಳಲ್ಲಿ ಓದಿರುತ್ತೀರಿ. ಈ ಗಡಿಯಲ್ಲಿ ಹಾಗೆ ಬರೆಯಲು ಧೈರ್ಯ ಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದಾಗ, ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ತೀವ್ರತೆ 6.2. ಸತ್ತವರು ಹತ್ತು ಸಾವಿರದ ಹತ್ತಿರ. ಬಹುತೇಕರನ್ನು ಕೊಂದದ್ದು ತಲೆಯ ಮೇಲಿನ ಮಣ್ಣಿನ ಭಾರ ಮತ್ತು ಬರೀ ಮಣ್ಣಿನಲ್ಲಿ ಕಟ್ಟಿದ ದುಂಡುಗಲ್ಲಿನ ಗೋಡೆಗಳು. ಅದನ್ನು ಕಂಡವರು ಮಣ್ಣು ಇಳಿಸಿ ಪತ್ರಾ ಹೊದಿಸಿದರೆ, ಸಾಲ ಮಾಡಿ ಸ್ಲ್ಯಾಬ್ ಹಾಕಿಸಿದರೆ ಅದು ತಿಳಿಗೇಡಿತನವಲ್ಲ. ತಂಪಿಗಿಂತ ಜೀವ ದೊಡ್ಡದು.

ಸ್ಲ್ಯಾಬನ್ನು ಇಟ್ಟುಕೊಂಡೇ ಮಾಡಬಹುದಾದ್ದು ಸುಣ್ಣ. ಬರಿಯ ಕಾಂಕ್ರೀಟು ಬಿಸಿಲಿನ ಮೂರನೇ ಒಂದರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಹೊಸ ಸುಣ್ಣ ಬಳಿದದ್ದು ಮುಕ್ಕಾಲರಷ್ಟನ್ನು. ಒಳಗೆ 2ರಿಂದ 4 ಡಿಗ್ರಿ ಇಳಿಯುತ್ತದೆ. ಸ್ವಲ್ಪ ಅಂಟು ಬೆರೆಸಿದ ಸುಣ್ಣವನ್ನು ಮಾರ್ಚಿನಲ್ಲಿ ಎರಡು ಕೈ ಬಳಿದರೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಅದು ಗಟ್ಟಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಸವೆದು ಹೋಗುತ್ತದೆ ಎಂದು ಗೊಣಗುವವರಿಗೆ ಒಂದು ಸಮಾಧಾನವಿದೆ: ಚಳಿಗಾಲಕ್ಕೆ ಮಾಳಿಗೆ ಮತ್ತೆ ಬಿಸಿಲು ಕುಡಿಯಲು ತಯಾರು. ಪಕ್ಕದ ತೆಲಂಗಾಣ ಇಂಥ ತಂಪು ಮಾಳಿಗೆಗಾಗಿಯೇ 2023ರಲ್ಲಿ ಒಂದು ನೀತಿ ತಂದಿತು. ನಮ್ಮಲ್ಲಿ ನೀತಿಗೆ ಕಾಯಬೇಕಿಲ್ಲ, ಸುಣ್ಣ ಅಂಗಡಿಯಲ್ಲಿ ಸಿಗುತ್ತದೆ. ಮಾಳಿಗೆಯ ಮೇಲೆ ಸೋಲಾರ್ ಫಲಕ ಹಾಕಿಸುವವರಿಗೆ ನೆರಳೂ ಸಿಕ್ಕಿತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂಪಾಯಿ ಸಹಾಯಧನವಿದೆ, ದಿನಕ್ಕೆ ನಾಲ್ಕು ಯೂನಿಟ್ ಹುಟ್ಟುತ್ತದೆ. ಆದರೆ ತಿಂಗಳಿಗೆ 50 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಗೆ ಅದು ಲಾಭದ ಲೆಕ್ಕವಲ್ಲ. ಬೀದರಿನ ಎಸಿ ಮನೆಗಳವರು ಯೋಚಿಸಲಿ.

ನೀರಿನ ಲೆಕ್ಕಕ್ಕೆ ಬೀದರ ಪಟ್ಟಣದ ಅಂಚಿನ ನೌಬಾದಿಗೆ ಹೋಗಬೇಕು. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಪರ್ಷಿಯಾದಿಂದ ಬಂದವರು ತಮ್ಮ ಸೀಮೆಯ ನೀರಿನ ವಿದ್ಯೆಯನ್ನೂ ತಂದರು. ಅದೇ ಕರೇಜ್, ನಮ್ಮ ಜನ ಕರೆಯುವ ಸುರಂಗ ಬಾವಿ. ಬೀದರದ ನೆತ್ತಿ ತೂತುತೂತಾದ ಕೆಂಪು ಮುರಕಲ್ಲು, ಅದರಡಿ ಗಟ್ಟಿ ಕರಿಕಲ್ಲು. ಮಳೆನೀರು ಮುರಕಲ್ಲಿನಲ್ಲಿ ಇಂಗಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ಪದರಕ್ಕೆ ತಾಯಿಬಾವಿ ತೋಡಿ, ಅಲ್ಲಿಂದ ಸಣ್ಣ ಇಳಿಜಾರಿನ ಸುರಂಗ ಕೊರೆದರು. ನಡುನಡುವೆ ಗಾಳಿ ಆಡಲು, ಮಣ್ಣು ಎತ್ತಲು, ನೀರು ಸೇದಲು ಬಾವಿಯಂಥ ಬಾಯಿಗಳು. ನೌಬಾದಿನಲ್ಲಿ ಇಪ್ಪತ್ತೊಂದು ಎಂದು ಎಣಿಸಿದ್ದಾರೆ. ನೀರು ತನ್ನ ತೂಕದಿಂದ ತಾನೇ ಹರಿಯುತ್ತದೆ, ಬಿಸಿಲಿಗೆ ಆವಿಯಾಗುವುದಿಲ್ಲ. ವಿಶ್ವ ಸ್ಮಾರಕ ನಿಧಿಯ 2014ರ ಪಟ್ಟಿಗೆ ಐತಿಹಾಸಿಕ ಬೀದರ ಸೇರಿದ ಮೇಲೆ ಇದರ ಕಡೆ ಗಮನ ಹರಿಯಿತು, ಹೂಳು ತೆಗೆಯುವ ಕೆಲಸ ನಡೆಯಿತು. ನನಗೆ ಅದರ ಪ್ರಾಚೀನತೆಗಿಂತ ಹಿಡಿಸುವುದು ಅದರ ಮಿತಿ. ಇಂಗಿದಷ್ಟೇ ಬರುತ್ತದೆ, ಹೆಚ್ಚು ಬೇಕೆಂದರೂ ಕೊಡುವುದಿಲ್ಲ.

ಬೋರ್‌ವೆಲ್ ಕೊಡುತ್ತದೆ, ಕರೆಂಟ್ ತೆಗೆದುಕೊಂಡು. 300 ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು, ಪಂಪಿನ ದಕ್ಷತೆ ಶೇಕಡಾ 35 ಎಂದಿಟ್ಟುಕೊಂಡರೆ, 0.7 ಯೂನಿಟ್. ಜಲಜೀವನ್ ಮಿಷನ್ ಹೇಳುವಂತೆ ತಲೆಗೆ 55 ಲೀಟರ್ ಕೊಟ್ಟರೆ ನಮ್ಮ ಐವರ ಮನೆಗೆ ತಿಂಗಳಿಗೆ ಆರು ಯೂನಿಟ್. ಮತ್ತೊಮ್ಮೆ ದೀಪದಷ್ಟೇ. ಆದರೆ ಅದೇ ಮನೆಯವರು ಒಂದು ಎಕರೆ ಕಬ್ಬು ಹಚ್ಚಿದರೆಂದು ಇಟ್ಟುಕೊಳ್ಳಿ. ಮಳೆಯ ಪಾಲು ಕಳೆದು ಉಳಿದ ಸುಮಾರು 57 ಲಕ್ಷ ಲೀಟರನ್ನು 300 ಅಡಿಯಿಂದ ಎತ್ತಲು 4,000 ಯೂನಿಟ್. ಮನೆಯ ಆರೂವರೆ ವರ್ಷದ ವಿದ್ಯುತ್ತು ಒಂದು ಎಕರೆಯ ಒಂದು ಬೆಳೆಗೆ. ರಾಜ್ಯದ ವಿದ್ಯುತ್ತಿನಲ್ಲಿ ಮೂರನೇ ಒಂದರಷ್ಟು ಪಂಪ್‌ಸೆಟ್ಟಿಗೆ ಹೋಗುವುದು ಹೀಗೆ. 10 ಎಚ್‌ಪಿವರೆಗೆ ಬಿಲ್ಲಿಲ್ಲ, ರಾತ್ರಿ ಕರೆಂಟ್ ಬಂದ ಕೂಡಲೇ ಆಟೊ ಸ್ಟಾರ್ಟರ್ ಮೋಟರನ್ನು ಚಾಲೂ ಮಾಡುತ್ತದೆ, ರೈತ ಮಲಗಿರುತ್ತಾನೆ, ಮಡಿ ತುಂಬಿ ನೀರು ಬದು ದಾಟುತ್ತಿರುತ್ತದೆ. ರೈತನನ್ನು ಬೈದು ಫಲವಿಲ್ಲ. ನಡುರಾತ್ರಿ ಕರೆಂಟ್ ಕೊಟ್ಟು, ಹಾವು ಹರಿದಾಡುವ ಹೊಲಕ್ಕೆ ಬಾ ಎಂದರೆ ಯಾರಾದರೂ ಆಟೊ ಸ್ಟಾರ್ಟರ್ ಹಾಕುತ್ತಾರೆ. ಹಗಲು ಕರೆಂಟ್ ಕೊಡುವುದು ಉಳಿತಾಯದ ದೊಡ್ಡ ಯೋಜನೆಯಾದೀತು. ರೈತ ತನ್ನ ಮಟ್ಟಿಗೆ ಮಾಡಬಹುದಾದ್ದು ಹನಿ ನೀರಾವರಿ ಮತ್ತು ಕೃಷಿಹೊಂಡ. ಹತ್ತಡಿಯ ಹೊಂಡದಿಂದ ನೀರೆತ್ತುವ ಖರ್ಚು 300 ಅಡಿಯ ಬೋರಿನ ಮೂವತ್ತರಲ್ಲಿ ಒಂದು ಭಾಗ.

ಎಲ್ಲಕ್ಕಿಂತ ಮರೆಯಲ್ಲಿರುವ ಖರ್ಚು ಯೂರಿಯಾ ಚೀಲದಲ್ಲಿದೆ. ಗಾಳಿಯ ಸಾರಜನಕವನ್ನು 400-500 ಡಿಗ್ರಿ ಬಿಸಿಯಲ್ಲಿ, ವಾತಾವರಣದ ನೂರೈವತ್ತು-ಇನ್ನೂರು ಪಟ್ಟು ಒತ್ತಡದಲ್ಲಿ ನೈಸರ್ಗಿಕ ಅನಿಲದಿಂದ ಬಂದ ಜಲಜನಕದ ಜೊತೆ ಕೂಡಿಸಿ ಮಾಡುವ ಗೊಬ್ಬರ ಇದು. 45 ಕಿಲೋದ ಒಂದು ಚೀಲಕ್ಕೆ ಖರ್ಚಾಗುವ ಶಕ್ತಿ ಸುಮಾರು 300 ಯೂನಿಟ್, ಒಂದೂವರೆ ಸಿಲಿಂಡರಿಗೂ ಹೆಚ್ಚು. ಎರಡು ಚೀಲ ಕಡಿಮೆ ಹಾಕಿದ ರೈತ ಇಡೀ ಮನೆಯ ಒಂದು ವರ್ಷದ ವಿದ್ಯುತ್ತಿನಷ್ಟು ಶಕ್ತಿ ಉಳಿಸಿದ. ಹಾಕಿದ್ದರಲ್ಲಿ ಅರ್ಧದಷ್ಟು ಬೆಳೆಗೆ ಸಿಗದೆ ನೀರಿಗೆ, ಗಾಳಿಗೆ ಹೋಗುತ್ತದೆ ಎಂಬುದನ್ನು ನೆನೆದರೆ ಎರಡು ಚೀಲ ದೊಡ್ಡ ತ್ಯಾಗವೇನಲ್ಲ.

ತೊಗರಿಯ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಇದೇ ಕೆಲಸವನ್ನು ಮಣ್ಣಿನ ಬಿಸಿಯಲ್ಲಿ, ಎಲೆ ಮಾಡಿದ ಸಕ್ಕರೆಯ ಬಲದಿಂದ ಮಾಡುತ್ತದೆ. ಕಾರ್ಖಾನೆ ಬೇಡ, ಕೊಳವೆ ಬೇಡ. ಆಳಕ್ಕೆ ಬೇರಿಳಿಸಿ, ಎಲೆ ಉದುರಿಸಿ, ಮುಂದಿನ ಜೋಳಕ್ಕೂ ಒಂದಿಷ್ಟು ಸಾರಜನಕ ಬಿಟ್ಟು ಹೋಗುವ ಬೆಳೆ ಇದು. ಎಂಟುನೂರು-ಒಂಬತ್ತುನೂರು ಮಿಲಿಮೀಟರ್ ಮಳೆಯಲ್ಲೇ ಬೆಳೆಯುತ್ತದೆ, ಕೊನೆಗೆ ಒಲೆಗೆ ಕಟ್ಟಿಗೆಯನ್ನೂ ಕೊಡುತ್ತದೆ. ಹೊಲದ, ಮನೆಯ ಲೆಕ್ಕ ಒಟ್ಟಿಗೆ ಹಾಕಿದರೆ ಡಾಬಕಾದ ರೈತ ಮಾಡಬಹುದಾದ ಅತಿ ದೊಡ್ಡ ಉಳಿತಾಯ ಸ್ವಿಚ್ಚಿನಲ್ಲಿಲ್ಲ, ಬೆಳೆಯ ಆಯ್ಕೆಯಲ್ಲಿದೆ. ಈ ಮುಂಗಾರಿಗೆ ಬಿತ್ತುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ರೈಜೋಬಿಯಂ ಪೊಟ್ಟಣ ಕೇಳಿ, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಒಣಗಿಸಿ ಬಿತ್ತಿ. ತೊಗರಿಗೆ ಬೇರೆ ಪೊಟ್ಟಣ, ಸೋಯಾಕ್ಕೆ ಬೇರೆ. ಒಂದರದ್ದು ಇನ್ನೊಂದಕ್ಕೆ ಹತ್ತುವುದಿಲ್ಲ, ನೋಡಿ ತನ್ನಿ.